ಹೋಗಿ ಬರುತ್ತೇನೆ ಎಂದು ಹೇಳಿ ಹೊರಡು

ತಂಗಿ,

ಚಿತ್ರದುರ್ಗದಿಂದ ನೀನು ಬರೆದದ್ದನ್ನು ಎರಡು ಸಲ ಓದಿದೆ. ಗಂಡನಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ, ನೀನೂ ಅಲ್ಲಿ ಕೆಲಸ ಹುಡುಕಬೇಕೆಂದಿರುವೆ, ಮಗನಿಗೆ ಈಗ ಹತ್ತು ತಿಂಗಳು. ಅವನನ್ನು ಒಂದು ವರ್ಷ ದುರ್ಗದಲ್ಲಿ ಅಜ್ಜಿಯ ಹತ್ತಿರ ಬಿಟ್ಟು, ಮನೆ ಹೂಡಿದ ಮೇಲೆ ಕರೆಸಿಕೊಂಡರೆ ಹೇಗೆ ಎಂದು ಕೇಳಿದ್ದೀಯೆ.

ಕರೆದುಕೊಂಡೇ ಬಾ. ಬಿಟ್ಟು ಬಂದವಳು ನಾನು, ಅದಕ್ಕೇ ಹೇಳುತ್ತಿದ್ದೇನೆ. 2014ರಲ್ಲಿ ಹನ್ನೊಂದು ತಿಂಗಳ ಮಗಳನ್ನು ದಾವಣಗೆರೆಯಲ್ಲಿ ಅಮ್ಮನ ಮಡಿಲಿಗೆ ಹಾಕಿ ಜರ್ಮನಿಗೆ ಬಂದೆ. ಟ್ಯಾಕ್ಸಿ ಬಾಗಿಲಿಗೆ ಬಂದಾಗ ಅಮ್ಮ "ಕಾಗೆ ನೋಡು ಬಾ" ಎಂದು ಅವಳನ್ನು ಮಾಳಿಗೆಗೆ ಎತ್ತಿಕೊಂಡು ಹೋದರು. ನಾನು ಸದ್ದಾಗದಂತೆ ಹೊರಟೆ. ಐದು ತಿಂಗಳ ನಂತರ ಹೋದಾಗ ಅವಳು ಅಮ್ಮನ ಸೆರಗಿನ ಹಿಂದೆ ಅವಿತುಕೊಂಡಳು. ದಿನವೂ ಮೊಬೈಲ್‌ನಲ್ಲಿ ನನ್ನನ್ನು ನೋಡಿ ನಗುತ್ತಿದ್ದ ಮಗು ಅದು. ಅಮ್ಮನ ಆರೈಕೆಯಲ್ಲಿ ಎಳ್ಳಷ್ಟೂ ಕೊರತೆ ಇರಲಿಲ್ಲ. ಹಾಗಾಗಿಯೇ ಅಲ್ಲಿಂದ ಎತ್ತಿ ತಂದಾಗ ಅವಳಿಗೆ ಎರಡನೆಯ ಸಲ ತಾಯಿ ತಪ್ಪಿದಂತಾಯಿತು.

ಯಾರು ನೋಡಿಕೊಳ್ಳುತ್ತಾರೆ ಎಂಬ ನಿನ್ನ ಚಿಂತೆಗೆ ಬರುತ್ತೇನೆ. ಅಜ್ಜಿಯನ್ನು ನೆಚ್ಚಿಕೊಳ್ಳಬೇಡ. ಪ್ರವಾಸಿ ವೀಸಾದಲ್ಲಿ ಅವರು 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಇಲ್ಲಿ ಶಿಶುವಿಹಾರವನ್ನು ಕೀಟಾ ಎನ್ನುತ್ತಾರೆ. 2013ರ ಆಗಸ್ಟ್ 1ರಿಂದ, ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಕೀಟಾದಲ್ಲಿ ಅಥವಾ ತನ್ನ ಮನೆಯಲ್ಲೇ ಕೆಲವು ಮಕ್ಕಳನ್ನು ನೋಡಿಕೊಳ್ಳುವ ಟಾಗೆಸ್‌ಮುಟರ್ ಬಳಿ ಜಾಗ ಪಡೆಯುವ ಕಾನೂನಿನ ಹಕ್ಕಿದೆ. ಹಕ್ಕಿದ್ದರೂ ಜಾಗಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಮನೆಯ ವಿಳಾಸ ಸಿಕ್ಕ ದಿನವೇ ಅರ್ಜಿ ಹಾಕು. 2020ರ ಮಾರ್ಚ್‌ನಿಂದ, ದಡಾರದ ಲಸಿಕೆಯ ದಾಖಲೆ ಇಲ್ಲದೆ ಒಂದು ವರ್ಷ ದಾಟಿದ ಮಗುವನ್ನು ಸೇರಿಸಿಕೊಳ್ಳುವಂತಿಲ್ಲ. ಒಂಬತ್ತನೇ ತಿಂಗಳಲ್ಲಿ ಹಾಕಿಸಿದ ದಡಾರ-ರುಬೆಲ್ಲಾ ಲಸಿಕೆಗೆ ತಾಯಿ ಕಾರ್ಡ್‌ನಲ್ಲಿ ದಿನಾಂಕ, ಸಹಿ, ಮೊಹರು ಇವೆಯೇ ಎಂದು ಇವತ್ತೇ ನೋಡು. ಮುಂದಿನ ಡೋಸ್ ಯಾವಾಗ ಎಂಬುದನ್ನು ಇಲ್ಲಿನ ಮಕ್ಕಳ ವೈದ್ಯರು ಅದನ್ನು ನೋಡಿಯೇ ತೀರ್ಮಾನಿಸುತ್ತಾರೆ.

ಜಾಗ ಸಿಕ್ಕಿತೆಂದು ಮರುದಿನವೇ ಮಗುವನ್ನು ಬಿಟ್ಟು ಬರುವ ಹಾಗಿಲ್ಲ. ಐನ್‌ಗೆವೋಹ್ನುಂಗ್ ಎಂಬ ಒಗ್ಗಿಸುವ ಕ್ರಮವಿದೆ. ಬಹಳ ಕಡೆ ನಡೆಯುವ ಬರ್ಲಿನ್ ಮಾದರಿಯಲ್ಲಿ ಮೊದಲ ಮೂರು ದಿನ ತಾಯಿಯೋ ತಂದೆಯೋ ಮಗುವಿನ ಜೊತೆ ಅದೇ ಕೋಣೆಯಲ್ಲಿ ಸುಮಾರು ಒಂದು ತಾಸು ಇರುತ್ತಾರೆ, ಹೊರಗೆ ಹೋಗುವುದೇ ಇಲ್ಲ. ನಾಲ್ಕನೆಯ ದಿನ ಮೊದಲ ಬಾರಿಗೆ ಸ್ವಲ್ಪ ಹೊತ್ತು ಹೊರಗೆ. ಶಿಕ್ಷಕಿ ಎತ್ತಿಕೊಂಡಾಗ ಮಗು ಸಮಾಧಾನವಾಗುತ್ತದೆಯೇ ಎಂಬುದರ ಮೇಲೆ ಮುಂದಿನದು ನಿರ್ಧಾರವಾಗುತ್ತದೆ. ಸಾಮಾನ್ಯವಾಗಿ ಎರಡು ಮೂರು ವಾರ ಹಿಡಿಯುತ್ತದೆ. ನನ್ನ ಮಗಳಿಗೆ ಆರು ವಾರ ಹಿಡಿಯಿತು.

ಆ ನಾಲ್ಕನೆಯ ದಿನ ನಾನು ನಮ್ಮೂರಿನ ರೂಢಿಯನ್ನೇ ಮಾಡಿದೆ. ಕಿಟಕಿಯಾಚೆಯ ಹಕ್ಕಿ ತೋರಿಸಿ, ಅವಳು ಅತ್ತ ತಿರುಗಿದಾಗ ಜಾರಿಕೊಂಡೆ. ಮರಳಿ ಬರುವಷ್ಟರಲ್ಲಿ ಅವಳ ಅಳು ಬೀದಿಗೆ ಕೇಳುತ್ತಿತ್ತು. ಶಿಕ್ಷಕಿ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: ಹೊರಡುತ್ತೇನೆಂದು ಹೇಳಿ, ಮತ್ತೆ ಬರುತ್ತೇನೆಂದು ಹೇಳಿ, ಆಮೇಲೆ ಹೋಗಿ, ಅತ್ತರೂ ಪರವಾಗಿಲ್ಲ, ನೀವು ಹೋಗಿದ್ದು ಅವಳಿಗೆ ಗೊತ್ತಿರಬೇಕು. ನನಗೆ ಮಾಳಿಗೆಯ ಕಾಗೆ ನೆನಪಾಯಿತು. ನಮ್ಮ ಮನೆಗಳಲ್ಲಿ ಹೊಸ್ತಿಲು ದಾಟುವಾಗ "ಹೋಗುತ್ತೇನೆ" ಎನ್ನಬಾರದು, "ಹೋಗಿ ಬರುತ್ತೇನೆ" ಎನ್ನಬೇಕು ಎಂದು ತಿದ್ದಿ ಬೆಳೆಸುತ್ತಾರೆ. ದೊಡ್ಡವರಿಗೆ ತಪ್ಪದೆ ಹೇಳುವ ಈ ಮಾತನ್ನು ಮಗುವಿಗೆ ಮಾತ್ರ ಯಾಕೆ ಹೇಳುವುದಿಲ್ಲವೋ! ಮರುದಿನದಿಂದ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕುಳಿತು ಕನ್ನಡದಲ್ಲೇ ಹೇಳತೊಡಗಿದೆ. ಅವಳು ದಿನವೂ ಅತ್ತಳು. ಆದರೆ ನಾನು ಬಂದಾಗ ಮುಖ ತಿರುಗಿಸುವುದನ್ನು ಬಿಟ್ಟಳು.

ಆದ್ದರಿಂದ ನಿನಗೆ ಕೆಲಸ ಸಿಕ್ಕರೆ, ಕೀಟಾ ಶುರುವಾದ ಒಂದು ತಿಂಗಳ ನಂತರದ ದಿನವನ್ನೇ ಸೇರಲು ಕೇಳು. ಮೊದಲ ಚಳಿಗಾಲದಲ್ಲಿ ನೆಗಡಿ, ಜ್ವರ ಒಂದರ ಹಿಂದೆ ಒಂದು ಬರುತ್ತವೆ, ಎದೆಗುಂದಬೇಡ. ಶಾಸನಬದ್ಧ ಆರೋಗ್ಯ ವಿಮೆಯಲ್ಲಿರುವ ತಂದೆ ತಾಯಿಗೆ ಮಗುವಿನ ಕಾಯಿಲೆಗೆಂದೇ 2024ರಿಂದ ವರ್ಷಕ್ಕೆ ತಲಾ 15 ದಿನ ರಜೆ ಇದೆ. ದುರ್ಗದ ಬಿಸಿಲು ಇಲ್ಲಿಲ್ಲದ ಕಾರಣ ವಿಟಮಿನ್ ಡಿ ಹನಿಯ ಬಗ್ಗೆ ವೈದ್ಯರನ್ನು ಮರೆಯದೆ ಕೇಳು. ರಾಗಿ ಹಿಟ್ಟು ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ, ಮಗುವಿಗೆ ರಾಗಿ ಸರಿ ಕಾಯಿಸಲು ತೊಂದರೆಯಿಲ್ಲ. ಅತ್ತೆ ಎಷ್ಟೇ ಒತ್ತಾಯಿಸಿದರೂ ಬೆಣ್ಣೆ, ತುಪ್ಪ ತರಬೇಡ. ಹೊರದೇಶದ ಹಾಲಿನ ಪದಾರ್ಥಗಳನ್ನು ಒಳಗೆ ಬಿಡುವುದಿಲ್ಲ. ನಾಯಕನಹಟ್ಟಿಯಲ್ಲಿ ಜವಳ ತೆಗೆಸುವ ಹರಕೆ ಇದ್ದರೆ ಮುಗಿಸಿಕೊಂಡೇ ಬಾ, ಹಿರಿಯರ ಮನಸ್ಸಿಗೂ ನೆಮ್ಮದಿ.

ಇನ್ನೊಂದು ಕೆಲಸ. ಮಗ ಆಡುವ, ಅವನಿಗೆ ತಿಳಿಯುವ ಮಾತುಗಳನ್ನು ಈಗಿನಿಂದಲೇ ಬರೆದಿಡು. ನನ್ನ ಮಗಳ ಶಿಕ್ಷಕಿ ಕೇಳಿದ್ದಕ್ಕೆ ನಾನು ಬುವ್ವ, ನೀರು, ತಾಚಿ ಎಂದು ಜರ್ಮನ್ ಅಕ್ಷರಗಳಲ್ಲಿ ಬರೆದು ಕೊಟ್ಟಿದ್ದೆ. ಅವರು ಅದನ್ನು ಗೋಡೆಗೆ ಅಂಟಿಸಿಕೊಂಡು, ಮಲಗಿಸುವಾಗ ಅವಳ ಬೆನ್ನು ತಟ್ಟುತ್ತಾ "ತಾಚಿ, ತಾಚಿ" ಎನ್ನುತ್ತಿದ್ದರು.