ಕರಿಯನನ್ನು ಕಳಿಸಬೇಡಿ

(ಸಾಗರದ ಕಡೆಯ ಓದುಗರೊಬ್ಬರು, ಹೆಸರು ಬೇಡವೆಂದು ಕೋರಿ ಬರೆದ ಪತ್ರದ ಸಾರ: ಎಂಟು ತಿಂಗಳ ಹಿಂದೆ ಪತಿ ಹೃದಯಾಘಾತದಿಂದ ತೀರಿಕೊಂಡರು. ಅವರು ಸಾಕಿದ ನಾಟಿ ನಾಯಿ ಕರಿಯ ಈಗಲೂ ಸಂಜೆ ಆರೂವರೆಗೆ, ಅವರ ಬೈಕು ಬರುತ್ತಿದ್ದ ಹೊತ್ತಿಗೆ, ಗೇಟಿನ ಬಳಿ ಕೂರುತ್ತದೆ. ಕೆಲವು ರಾತ್ರಿ ಊಳಿಡುತ್ತದೆ. ಹತ್ತು ವರ್ಷದ ಮಗ ಮಾತು ಕಡಿಮೆ ಮಾಡಿದ್ದಾನೆ, ನಾಯಿಯ ಮಗ್ಗುಲಲ್ಲೇ ಮಲಗುತ್ತಾನೆ. ಊಳು ಅಪಶಕುನ, ನೋಡಿದಷ್ಟೂ ಸಂಕಟ, ಯಾರದಾದರೂ ತೋಟಕ್ಕೆ ಕೊಟ್ಟುಬಿಡೋಣ ಎನ್ನುತ್ತಾರೆ ಅತ್ತೆ. ಏನು ಮಾಡಲಿ?)

ಸಹೋದರಿ,

ಮೊದಲೇ ಹೇಳಿಬಿಡುತ್ತೇನೆ, ಕರಿಯನನ್ನು ಕಳಿಸಬೇಡಿ. ಇದನ್ನು ತಿಳಿವಳಿಕೆಯಿಂದಲ್ಲ, ಪಶ್ಚಾತ್ತಾಪದಿಂದ ಹೇಳುತ್ತಿದ್ದೇನೆ.

ನಮ್ಮ ತಂದೆ ತೀರಿಕೊಂಡ ವರ್ಷ ಕೊಟ್ಟಿಗೆಯಲ್ಲಿ ಉಳಿದಿದ್ದದ್ದು ಒಂದೇ ಹಸು, ಗೌರಿ. ವೈಕುಂಠ ಸಮಾರಾಧನೆ ಮುಗಿದ ವಾರವೇ ಅಣ್ಣತಮ್ಮಂದಿರು ಸೇರಿ ಅದನ್ನು ಮಾರಿದೆವು. ಅಮ್ಮನಿಗೆ ವಿಶ್ರಾಂತಿ ಬೇಕು ಎಂಬುದು ನಮ್ಮ ವಾದ. ಅಮ್ಮ ಏನೂ ಅನ್ನಲಿಲ್ಲ. ಆದರೆ ಮರುದಿನವೂ, ಅದರ ಮರುದಿನವೂ, ಐದು ಗಂಟೆಗೆ ಎದ್ದು ಹಾಲಿನ ತಂಬಿಗೆ ತೊಳೆದು ಹಿತ್ತಿಲ ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಅವರನ್ನು ಏಳಿಸಲು ಉಳಿದಿದ್ದ ಒಂದು ಜೀವವನ್ನೂ ನಾವೇ ಹಗ್ಗ ಹಿಡಿದು ಸಾಗಹಾಕಿದ್ದೆವು. ಸಾಕುಪ್ರಾಣಿ ದುಃಖವನ್ನು ಮರೆಸುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ. ಅದು ಹೊತ್ತುಗೊತ್ತು ತಪ್ಪಿದ ಮನೆಗೆ ಮತ್ತೆ ಹೊತ್ತುಗೊತ್ತು ತರುತ್ತದೆ, ಅಷ್ಟೆ. ಆ ಅಷ್ಟೇ ಎಷ್ಟು ದೊಡ್ಡದೆಂದು ನಮಗೆ ಕೊಟ್ಟಿಗೆ ಖಾಲಿಯಾದ ಮೇಲೆ ಗೊತ್ತಾಯಿತು.

ಮಗನ ವಿಷಯ. ನ್ಯೂಯಾರ್ಕಿನಲ್ಲಿ ಬೋರಿಸ್ ಲೆವಿನ್ಸನ್ ಎಂಬ ಮಕ್ಕಳ ಮನಶ್ಶಾಸ್ತ್ರಜ್ಞರಿದ್ದರು. ಯಾರೊಂದಿಗೂ ಬೆರೆಯದ ಹುಡುಗನೊಬ್ಬ ಒಮ್ಮೆ ಗೊತ್ತಾದ ಹೊತ್ತಿಗಿಂತ ಮುಂಚೆಯೇ ಬಂದಾಗ ಅವರ ನಾಯಿ ಜಿಂಗಲ್ಸ್ ಕೋಣೆಯಲ್ಲೇ ಇತ್ತು. ಹುಡುಗ ನಾಯಿಯ ಜೊತೆ ಆಡತೊಡಗಿದ. ಬರುಬರುತ್ತ ಆ ಆಟದೊಳಗೆ ಲೆವಿನ್ಸನ್ನರಿಗೂ ಜಾಗ ಸಿಕ್ಕಿತು. 1960ರ ದಶಕದಲ್ಲಿ ಅವರು ಇದನ್ನು ಬರೆದಾಗ ನಕ್ಕವರೂ ಇದ್ದರು. ನಿಮ್ಮ ಮಗನಿಗೂ ಕರಿಯನ ಎದುರು ಅಳುವುದು ಸುಲಭ. 'ಇನ್ನು ಮನೆಗೆ ನೀನೇ ಗಂಡಸು' ಎಂದು ಕರಿಯ ಹೇಳುವುದಿಲ್ಲವಲ್ಲ! ಅವನನ್ನು ಕೂರಿಸಿಕೊಂಡು ಮಾತಾಡಿಸಲು ಹೋಗಬೇಡಿ. ಅವನು ನಾಯಿಯ ಕಿವಿಯಿಂದ ಉಣುಗು ಹೆಕ್ಕುವಾಗ ಪಕ್ಕದಲ್ಲಿ ಕೂತು ನೀವೂ ಹೆಕ್ಕಿ. ಮಗ್ಗುಲಲ್ಲಿ ಮಲಗಲಿ, ಆದರೆ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ಮತ್ತು ಆಗಾಗ ಜಂತುಹುಳದ ಔಷಧಿ ತಪ್ಪಬಾರದು. ಊಟ, ನಿದ್ದೆ, ಶಾಲೆ ಎಲ್ಲವೂ ಕೆಡುತ್ತಿದೆ ಎನಿಸಿದರೆ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅದು ನಾಯಿಯ ಕೈಲಾಗುವ ಕೆಲಸವಲ್ಲ.

ಊಳಿನ ಬಗ್ಗೆ ಹೆದರಬೇಡಿ. ಅದು ತೋಳಗಳ ಕಾಲದಿಂದ ಬಂದ ದನಿ, ಗುಂಪಿನಿಂದ ಅಗಲಿದವರನ್ನು ಕರೆಯುವ ಕೂಗು. ಬರಲಿರುವ ಸಾವು ಅದಕ್ಕೆ ಕಾಣುವುದಿಲ್ಲ.

ಗೇಟಿನ ಬಳಿ ಕಾಯುವುದಕ್ಕೆ ಮಾತ್ರ ಏನಾದರೂ ಮಾಡಬೇಕು. ಟೋಕಿಯೊದ ಶಿಬುಯಾ ರೈಲು ನಿಲ್ದಾಣದ ಹಾಚಿಕೊ ಕತೆ ನೀವು ಕೇಳಿರಬಹುದು. 1925ರಲ್ಲಿ ಒಡೆಯ ತೀರಿಕೊಂಡ ಮೇಲೂ ಆ ನಾಯಿ 1935ರಲ್ಲಿ ತಾನು ಸಾಯುವ ತನಕ ಅಲ್ಲಿಗೆ ಬರುತ್ತಿತ್ತು. ಬದುಕಿರುವಾಗಲೇ, 1934ರಲ್ಲಿ, ಅದರ ಕಂಚಿನ ಪ್ರತಿಮೆ ನಿಲ್ಲಿಸಿದರು. ಎಲ್ಲರೂ ಮೆಚ್ಚುವ ಕತೆ, ನನಗೇಕೋ ಅದರಲ್ಲಿ ಸಂಕಟವೇ ಹೆಚ್ಚು ಕಾಣುತ್ತದೆ. ಕರಿಯನನ್ನು ಹಾಚಿಕೊ ಮಾಡಬೇಡಿ. ಸಂಜೆ ಆರು ಗಂಟೆಗೇ ಸರಪಳಿಯನ್ನು ಮಗನ ಕೈಗೆ ಕೊಟ್ಟು ನೀವೂ ಜೊತೆಗೆ ಹೊರಡಿ. ಕೆರೆ ಏರಿಯೋ, ಗದ್ದೆ ಬದುವೋ, ಎಲ್ಲಿಗಾದರೂ ಸರಿ. ಮರಳಿ ಬರುವಾಗ ಏಳಾಗಿರಲಿ. ಮೊದಲ ಕೆಲವು ದಿನ ಗೇಟು ದಾಟಲು ಒಲ್ಲೆ ಎನ್ನಬಹುದು. ಎಳೆದಾಡಬೇಡಿ, ಮಾರನೆಯ ದಿನ ಮತ್ತೆ ಕರೆಯಿರಿ.

ಇನ್ನು ಅತ್ತೆಯವರು. ನಿಮ್ಮ ಪತ್ರದ ಕೊನೆಯ ಪುಟದಲ್ಲಿ ಒಂದು ವಾಕ್ಯವಿದೆ, ಬರೆಯುವಾಗ ನೀವು ಗಮನಿಸಿದಂತಿಲ್ಲ: ರಾತ್ರಿ ಯಾರೂ ಊಟಕ್ಕೆ ಕೂರುವ ಮುಂಚೆ ಅವರು ಮೊಸರನ್ನ ಕಲಸಿ ಕರಿಯನ ತಟ್ಟೆಗೆ ಹಾಕುತ್ತಾರೆ. ಎಂಟು ತಿಂಗಳಿನಿಂದ, ಒಂದು ದಿನವೂ ತಪ್ಪದೆ. ನಿಮಗೆ ಪತಿ ಹೋದರು, ಅವರಿಗೆ ಮಗ ಹೋದ. ಅವರಿಗೆ ಬೇಡವಾಗಿರುವುದು ನಾಯಿಯಲ್ಲ, ಆರೂವರೆಯ ಆ ಗೇಟು ಎಂದು ನನ್ನ ಅಂದಾಜು. ಆ ಹೊತ್ತಿಗೆ ಗೇಟಿನಲ್ಲಿ ಯಾರೂ ಕೂರದಂತಾದರೆ ತೋಟದ ಮಾತು ತಾನಾಗಿಯೇ ನಿಲ್ಲಬಹುದು. ನಿಲ್ಲದಿದ್ದರೆ ಮತ್ತೆ ಬರೆಯಿರಿ.

ಪತಿಯ ಸ್ವೆಟರಿನ ಮೇಲೆ ಕರಿಯ ಮಲಗುತ್ತಾನೆ, ಮಳೆಗಾಲದಲ್ಲಿ ಮುಗ್ಗಲು ವಾಸನೆ ಬರುತ್ತಿದೆ, ಒಗೆಯಬಹುದೇ ಎಂದೂ ಕೇಳಿದ್ದೀರಿ. ಸದ್ಯಕ್ಕೆ ಬೇಡ. ಬಿಸಿಲು ಕಂಡ ದಿನ ಹೊರಗೆ ಹರವಿ ಸಾಕು. ಒಗೆಯಲೇಬೇಕಾದ ದಿನ, ಮಗನನ್ನೂ ಅತ್ತೆಯವರನ್ನೂ ಕೇಳಿಯೇ ನೀರಿಗೆ ಹಾಕಿ.

— ಸಂಪಾದಕ