‘ಡಿನ್ಯೂಡ್’ ಎಂದರೆ ಬೆತ್ತಲಾಗಿಸುವುದೇ?

ಪ್ರಶ್ನೆ: ಗುಡ್ಡವೊಂದರ ಮರಗಳನ್ನೆಲ್ಲ ಕಡಿದ ಸುದ್ದಿಯಲ್ಲಿ ಇಂಗ್ಲಿಷ್ ಪತ್ರಿಕೆಯೊಂದು ‘ಡಿನ್ಯೂಡ್’ ಎಂಬ ಪದವನ್ನು ಬಳಸಿತ್ತು. ಇದಕ್ಕೂ ‘ನ್ಯೂಡ್’ಗೂ ನಂಟಿದೆಯೇ? ಮುಂದೆ ‘ಡಿ’ ಸೇರಿದರೆ ಅರ್ಥ ತಿರುಗುಮುರುಗಾಗಬೇಕಲ್ಲವೇ? ಬಟ್ಟೆ ಕಳಚುವುದಕ್ಕೂ ಇದನ್ನು ಬಳಸಬಹುದೇ?
– ಓದುಗರೊಬ್ಬರು, ಕಾರ್ಕಳ

ಉತ್ತರ: ನಂಟು ಹತ್ತಿರದ್ದೇ. ಲ್ಯಾಟಿನ್ನಿನಲ್ಲಿ ‘ನೂಡುಸ್’ ಎಂದರೆ ಬೆತ್ತಲೆ, ‘ನೂಡಾರೆ’ ಎಂದರೆ ಬೆತ್ತಲಾಗಿಸು. ಅದಕ್ಕೆ ‘ಡೇ’ ಎಂಬ ಉಪಸರ್ಗ ಸೇರಿ ಆದ ‘ಡೇನೂಡಾರೆ’ಯೇ 15ನೆಯ ಶತಮಾನದಲ್ಲಿ ಇಂಗ್ಲಿಷಿಗೆ ‘ಡಿನ್ಯೂಡ್’ ಆಗಿ ಬಂತು. ಸಂಸ್ಕೃತದ ‘ನಗ್ನ’ ಮತ್ತು ಇಂಗ್ಲಿಷಿನ ‘ನೇಕೆಡ್’ ಕೂಡ ಇದೇ ಇಂಡೋ-ಯುರೋಪಿಯನ್ ಮೂಲದವು. ನಮ್ಮ ‘ಬೆತ್ತಲೆ’ ಮಾತ್ರ ಆ ಬಳಗಕ್ಕೆ ಸೇರಿದ್ದಲ್ಲ.

‘ಡಿ’ಯ ಬಗೆಗಿನ ನಿಮ್ಮ ಸಂಶಯ ಸಹಜವಾದದ್ದು. ಫ್ರಿಜ್ಜನ್ನು ‘ಡಿಫ್ರಾಸ್ಟ್’ ಮಾಡಿದರೆ ಒಳಗಿನ ಹಿಮ ಹೋಗುತ್ತದೆ. ಆ ಲೆಕ್ಕದಲ್ಲಿ ‘ಡಿನ್ಯೂಡ್’ ಮಾಡಿದರೆ ಬೆತ್ತಲೆತನ ಹೋಗಿ ಬಟ್ಟೆ ಬರಬೇಕಿತ್ತು! ಆದರೆ ಇಲ್ಲಿ ಆ ಉಪಸರ್ಗಕ್ಕೆ ನಿಷೇಧದ ಅರ್ಥವಿಲ್ಲ. ‘ಪೂರ್ತಿಯಾಗಿ’ ಎಂದು ಕ್ರಿಯೆಗೆ ಒತ್ತು ಕೊಡುವುದಷ್ಟೇ ಅದರ ಕೆಲಸ.

ಮನುಷ್ಯರು ಬಟ್ಟೆ ಕಳಚುವುದಕ್ಕೆ ಇಂದಿನ ಇಂಗ್ಲಿಷಿನಲ್ಲಿ ‘ಅನ್‌ಡ್ರೆಸ್’ ಅಥವಾ ‘ಸ್ಟ್ರಿಪ್’ ಎನ್ನುವುದೇ ವಾಡಿಕೆ, ‘ಡಿನ್ಯೂಡ್’ ಅಲ್ಲಿ ಕೃತಕವಾಗಿ ಕೇಳಿಸುತ್ತದೆ. ಮೊದಲಿದ್ದ ಹೊದಿಕೆಯನ್ನು ಕಿತ್ತುಕೊಂಡ ಭಾವ ಅದರಲ್ಲಿ ಅಡಗಿದೆ ಎಂಬುದನ್ನೂ ಮರೆಯಬಾರದು. 1432ರಲ್ಲಿ ಪ್ರತಿಷ್ಠಾಪನೆಗೊಂಡ ನಿಮ್ಮೂರಿನ ಗೊಮ್ಮಟನನ್ನು ‘ನ್ಯೂಡ್’ ಎನ್ನಬಹುದಾದರೂ ‘ಡಿನ್ಯೂಡೆಡ್’ ಎನ್ನಲಾಗದು, ಏಕೆಂದರೆ ದಿಗಂಬರನಿಂದ ಯಾರೂ ಏನನ್ನೂ ಕಸಿದುಕೊಂಡಿಲ್ಲ.

ಈ ಪದದ ನಿಜವಾದ ನೆಲೆ ನೆಲವೇ. ಭೂವಿಜ್ಞಾನದಲ್ಲಿ ಬಂಡೆ ಶಿಥಿಲವಾಗುವುದು, ಮಣ್ಣು ಕೊಚ್ಚಿಹೋಗುವುದು, ಗುಡ್ಡ ಜರಿಯುವುದು ಇವೆಲ್ಲ ಸೇರಿ ಭೂಮಿಯ ಮೇಲ್ಮೈ ಸವೆಯುವುದನ್ನು ‘ಡಿನ್ಯುಡೇಶನ್’ ಎನ್ನುತ್ತಾರೆ. 1988ರ ರಾಷ್ಟ್ರೀಯ ಅರಣ್ಯ ನೀತಿಯೂ ನದಿ, ಕೆರೆ, ಜಲಾಶಯಗಳ ಜಲಾನಯನ ಪ್ರದೇಶದಲ್ಲಿ ಮಣ್ಣಿನ ಸವೆತದ ಜೊತೆಗೆ ಇದನ್ನೂ ತಡೆಯಬೇಕೆಂದು ಇದೇ ಪದವನ್ನು ಬಳಸಿ ಹೇಳುತ್ತದೆ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಮರ ಕಡಿದ ಗುಡ್ಡೆಯ ಮೇಲೆ ಆಟಿಯ ಮಳೆ ನೇರವಾಗಿ ಬಡಿದಾಗ, ಹಿಡಿದಿಡುವ ಬೇರಿಲ್ಲದ ಮೇಲ್ಮಣ್ಣು ಕೆಂಪು ನೀರಾಗಿ ತೋಡು ಸೇರುತ್ತದೆ, ಕೊನೆಗೆ ಹುಲ್ಲೂ ಸರಿಯಾಗಿ ಬೇರೂರಲಾರದ ಮುರಕಲ್ಲು ಮೇಲೇಳುತ್ತದೆ.

ಪಠ್ಯಪುಸ್ತಕದ ಕನ್ನಡಕ್ಕೆ ‘ನಗ್ನೀಕರಣ’ ಒಪ್ಪಬಹುದು. ಸುದ್ದಿ ಬರೆಯುವವರು ‘ಬೆತ್ತಲಾದ ಬೆಟ್ಟ’ ಎಂದು ಬರೆದರೆ ನನಗೆ ಅದು ಅನುವಾದದಂತೆ ಕಾಣುತ್ತದೆ. ‘ಗುಡ್ಡೆ ಬೋಳಾಯಿತು’ ಎಂದರೆ ಸಾಕು. ಇಂಗ್ಲಿಷಿನಲ್ಲೇ ಬರೆಯುವುದಾದರೆ, ಕಳೆದುಕೊಂಡ ವಸ್ತುವಿನ ಹೆಸರಿಗೆ ಮೊದಲು ‘ಫ್ರಮ್’ ಅಲ್ಲ, ‘ಆಫ್’ ಬರಬೇಕು: ‘ಡಿನ್ಯೂಡೆಡ್ ಆಫ್ ಟ್ರೀಸ್’.