‘ವೈ ಯು ಆರ್ ನಾಟ್ ಕಮಿಂಗ್?’

ಪ್ರಶ್ನೆ: ಮಗಳಿಗೆ ನಾಲ್ಕೂವರೆ ವರ್ಷ, ಎಲ್‌ಕೆಜಿ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು. ಎರಡರಲ್ಲೂ ಪ್ರಶ್ನೆ ಕೇಳಿ ಕೇಳಿ ತಲೆ ತಿನ್ನುತ್ತಾಳೆ. ಇಂಗ್ಲಿಷ್‌ನಲ್ಲಿ ಮಾತ್ರ ‘ವೈ ಯು ಆರ್ ನಾಟ್ ಕಮಿಂಗ್?’, ‘ವೇರ್ ಅಜ್ಜಿ ಈಸ್ ಗೋಯಿಂಗ್?’ ಅನ್ನುತ್ತಾಳೆ. ಮನೆಯಲ್ಲೂ ಇಂಗ್ಲಿಷೇ ಮಾತಾಡಿ ಅಂತ ಶಾಲೆಯಲ್ಲಿ ಹೇಳಿದರು. ಕನ್ನಡ ನಿಲ್ಲಿಸಬೇಕಾ?
– ಒಬ್ಬ ತಾಯಿ, ಸಿರುಗುಪ್ಪ

ಉತ್ತರ: ನಿಲ್ಲಿಸಬೇಡಿ ತಂಗಿ. ಇಂಗ್ಲಿಷ್ ಮನೆಮಾತಿನ ಮಕ್ಕಳೂ ಹೀಗೇ ಕೇಳುತ್ತವೆ. 1960ರ ದಶಕದಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರೋಜರ್ ಬ್ರೌನ್ ಅವರ ತಂಡ ಮೂರು ಮಕ್ಕಳ ಮಾತನ್ನು ತಿಂಗಳುಗಟ್ಟಲೆ ಟೇಪ್ ಮಾಡಿತ್ತು. ಅದರಲ್ಲೂ ‘ವಾಟ್ ಹಿ ಕ್ಯಾನ್...’ ಅನ್ನೋ ಬಗೆಯ ಪ್ರಶ್ನೆಗಳಿವೆ. ಇಂಗ್ಲಿಷ್‌ನಲ್ಲಿ ಇಂಥ ಪ್ರಶ್ನೆಗೆ ಎರಡು ಕೆಲಸ: ‘ವೈ’ಯನ್ನು ಮುಂದೆ ತರಬೇಕು, ‘ಯು ಆರ್’ ಅನ್ನು ‘ಆರ್ ಯು’ ಅಂತ ತಿರುಗಿಸಬೇಕು. ಮಗು ಮೊದಲನೆಯದು ಮಾಡಿ ಎರಡನೆಯದು ಬಿಡುತ್ತದೆ. ಜೊತೆಗೆ ‘ನಾಟ್’ ಬಂದರಂತೂ ಇನ್ನೂ ಕಷ್ಟ.

ನಮ್ಮಲ್ಲಿ ಈ ತಿರುಗಿಸುವ ತಂಟೆಯೇ ಇಲ್ಲ. ‘ಅಜ್ಜಿ ಸಂತೆಗೆ ಹೋದಳು.’ ‘ಸಂತೆಗೆ’ ತೆಗೆದು ಅದೇ ಜಾಗಕ್ಕೆ ‘ಎಲ್ಲಿಗೆ’ ಇಟ್ಟರೆ ಮುಗೀತು. ‘ಎಲ್ಲಿಗೆ ಹೋದಳು ಅಜ್ಜಿ?’ ಅಂದರೂ ನಡೆಯುತ್ತದೆ. ಹೌದೋ ಅಲ್ಲವೋ ಅಂತ ಕೇಳಲು ಬಾಲಕ್ಕೊಂದು ‘ಆ’ ಸಾಕು: ‘ಅಜ್ಜಿ ಬಂದಳಾ?’ ತೆಲುಗಿನಲ್ಲೂ ಅದೇ: ‘ಅವ್ವ ವಚ್ಚಿಂದಾ?’

ಹಾಗಂತ ಈ ‘ಆ’ ಸುಲಭದ್ದಲ್ಲ. ಯಾವ ಪದದ ಬಗ್ಗೆ ಕೇಳುತ್ತೇವೋ ಅದಕ್ಕೇ ಅದನ್ನು ಅಂಟಿಸಬೇಕು. ಮೊನ್ನೆ ಬಳ್ಳಾರಿಯಲ್ಲಿ ಮೊಮ್ಮಕ್ಕಳಿಬ್ಬರನ್ನೂ ಒಗ್ಗರಣೆ ಮಂಡಕ್ಕಿ ತಿನ್ನಿಸಲು ಕರೆದುಕೊಂಡು ಹೋಗಿದ್ದೆ. ಮಿರ್ಚಿ ಮೊದಲು ದೊಡ್ಡವಳ ಕೈಗೆ ಕೊಟ್ಟೆ. ಮೂರು ವರ್ಷದವನು ಮುಖ ಊದಿಸಿಕೊಂಡು, ‘ಅಕ್ಕಗಾ ಮಿರ್ಚಿ?’ ಅಂದ. ‘ಮಿರ್ಚಿನಾ?’ ಅನ್ನಲಿಲ್ಲ ನೋಡಿ! ಜಗಳ ಇದ್ದದ್ದು ಮಿರ್ಚಿಯದಲ್ಲ, ಅಕ್ಕನದು. ಸರಿಯಾಗಿ ಅಲ್ಲೇ ‘ಆ’ ಅಂಟಿಸಿದ್ದ. ಮೂವತ್ತು ವರ್ಷ ವ್ಯಾಕರಣ ಪಾಠ ಮಾಡಿದವನು ನಾನು, ಅವನಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ಇಷ್ಟೆಲ್ಲ ಕಿವಿಯಿಂದಲೇ ಕಲಿಯುವ ಮಗುವಿಗೆ ‘ಆರ್ ಯು’ ಬಾರದೆ ಇರುತ್ತದಾ?

‘ತಪ್ಪು, ಮತ್ತೆ ಹೇಳು’ ಅಂತ ಸುಮ್ನೆ ಗದರಬೇಡಿ. ಉತ್ತರದಲ್ಲೇ ಸರಿ ರೂಪ ಕಿವಿಗೆ ಬೀಳಲಿ: ‘ವೈ ಆಮ್ ಐ ನಾಟ್ ಕಮಿಂಗ್? ರೊಟ್ಟಿ ಬಡಿಯೋದಿದೆಯಲ್ಲ!’ ಉಳಿದಂತೆ ಕನ್ನಡದಲ್ಲೇ ಜಾಸ್ತಿ ಮಾತಾಡಿ.

ಅದಿರಲಿ, ಅಜ್ಜಿ ಎಲ್ಲಿಗೆ ಹೊರಟಿದ್ದಳು ಅಂತ ಅವಳಿಗೆ ಹೇಳಿದಿರಾ, ಇಲ್ವಾ? ಮಗು ಕೇಳಿದ್ದು ಅದನ್ನ.